ಅತ್ತೆಗೆ ನಾನು ಓದಿ ಹೇಳದ ಕಾಗದಗಳು

ಮಕ್ಕಳೇ, ನಿಮ್ಮ ಮುತ್ತಜ್ಜಿಗೆ, ಅಂದರೆ ನನ್ನ ಅತ್ತೆಗೆ, ನಾನೊಂದು ಸುಳ್ಳು ಹೇಳಿದೆ. ಅದನ್ನೇ ನಂಬಿಕೊಂಡು ಅವರು ತೀರಿಹೋದರು. ಎದುರು ಕೂತು ಹೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆಯ ತಂದೆ ಬೊಂಬಾಯಿಯಲ್ಲಿದ್ದರು. ಸಾಹುಕಾರರ ಹಣವನ್ನು ಗಿರಣಿಗಳ ಷೇರುಗಳಲ್ಲಿ ತೊಡಗಿಸಿಕೊಡುವ ಬ್ಯಾಂಕಿನ ಕೆಲಸ. ಹೆಂಡತಿ ಬಾಣಂತನದಲ್ಲೇ ಹೋದಾಗ ಕೂಸನ್ನು ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ಅದರ ಸೋದರಮಾವನ ಬಳಿ ಬಿಟ್ಟರು. ಆ ಸೋದರಮಾವನೇ ನನ್ನ ಅಜ್ಜ, ನಮ್ಮಪ್ಪನ ಅಪ್ಪ. ಮುಂದೆ ಅತ್ತೆ, ತಾನು ಬೆಳೆದ ಮನೆಯ ಹೆಣ್ಣೇ ಸೊಸೆಯಾಗಬೇಕೆಂದು ಹಟ ಹಿಡಿದು ನನ್ನನ್ನು ಹೊಳಲ್ಕೆರೆಗೆ ತಂದುಕೊಂಡರು.

ಕೆಲವು ವರ್ಷಗಳ ಮೇಲೆ ನನ್ನ ತವರುಮನೆ ಪಾಲಾಯಿತು. ಅಟ್ಟದ ಸಾಮಾನು ಇಳಿಸುವಾಗ ಬೊಂಬಾಯಿಯ ಕಾಗದಗಳ ಕಟ್ಟೊಂದು ಸಿಕ್ಕಿತು; ತವರಿನವರು ಅದನ್ನು ಬಿಚ್ಚದೆಯೇ ಅತ್ತೆಗೆ ಕಳಿಸಿದರು. ಅತ್ತೆಗೆ ಓದು ಬರುತ್ತಿರಲಿಲ್ಲ.

"ಗಂಡಸ್ರ ಕೈಗೆ ಕೊಡಬ್ಯಾಡ, ನೀನೇ ಓದು. ಊರ ಸಾಲಿ ಓದಿರೋದು ಒಂದಿನನಾದ್ರೂ ಉಪಯೋಗಕ್ಕೆ ಬರ್ಲಿ," ಎಂದು ನಕ್ಕು, ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಮುಂದೆ ಕೂತರು.

ಮೊದಲು ನಾನು ಮನಸ್ಸಿನಲ್ಲೇ ಓದಿಕೊಂಡೆ. ಎಲ್ಲವೂ ನನ್ನ ಅಜ್ಜನಿಗೆ ಬರೆದವು. ಮಗುವನ್ನು ಕಳಿಸಿಕೊಡಿ, ಇಲ್ಲಿ ಶಾಲೆಗೆ ಸೇರಿಸುತ್ತೇನೆ — ಪ್ರತಿ ಕಾಗದದಲ್ಲೂ ಅದೇ ಬೇಡಿಕೆ. ಕೊನೆಯದರಲ್ಲಿ, "ಕರೆದೊಯ್ಯಲು ನಾನೇ ಬಂದೆ. ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋಗಿದ್ದಾಳೆ ಎಂದಿರಿ. ಮುಖವನ್ನಾದರೂ ತೋರಿಸಬಹುದಿತ್ತು," ಎಂದಿತ್ತು.

ಚಿಕ್ಕಂದಿನಲ್ಲಿ ತನ್ನನ್ನು ಸೋದರಮಾವ ಇದ್ದಕ್ಕಿದ್ದಂತೆ ಗಾಡಿ ಕಟ್ಟಿಸಿ ಹಾಲುರಾಮೇಶ್ವರಕ್ಕೆ ಕಳಿಸಿದ್ದನ್ನು ಅತ್ತೆ ಎಷ್ಟು ಸಲ ಹೇಳಿದ್ದರೋ — ಮಾವನಿಗೆ ತನ್ನ ಮೇಲೆ ಅಷ್ಟು ಅಕ್ಕರೆ ಎಂದು.

"ನನ್ನ ಹೆಸ್ರು ಐತೇನೆ?" ಎಂದರು.

ನನ್ನ ಅಜ್ಜ ಹೀಗೆ ಮಾಡಿದ ಎಂದು ನಾನೇ ಓದಿ ಹೇಳಿ, ನಾಳೆಯಿಂದ ಈ ಮನೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ — ನನಗೆ ಹೊಳೆದದ್ದು ಅಷ್ಟೇ. ಅವರ ಮುಖ ನೋಡುತ್ತಲೇ ಇದ್ದೆ, ಆದರೂ...

"ಇಲ್ಲ ಅತ್ತೆ. ಬರೀ ಷೇರು, ಗಿರಣಿ, ವ್ಯವಹಾರ."

"ದೊಡ್ಡ ಮನುಷ್ಯ. ಮಗಳು ನೆಪ್ಪಾಗಾಕೆ ಅವನಿಗೆಲ್ಲಿ ಪುರುಸೊತ್ತು," ಎಂದು ಅತ್ತೆ ಎದ್ದು ಹೋದರು. ಕಾಗದಗಳನ್ನು ತಿರುಗಿ ಕೇಳಲಿಲ್ಲ.

ಮಗನಿಲ್ಲದ ಅಪ್ಪನೆಂದು ಅವರು ಹಿರಿಯರ ಹಬ್ಬದಲ್ಲಿ ತಂದೆಯ ಹೆಸರಿಗೂ ಒಂದು ಎಡೆ ಇಡುತ್ತಿದ್ದರು. ಆ ವರ್ಷ ನಾನು ಎಲೆ ಹಾಸುತ್ತಿದ್ದಾಗ ಬಂದು ನಿಂತು, "ಅಪ್ಪಂದು ತೆಗಿ. ಸಾಕಿದ ಮಾವಂದು ಇದ್ರೆ ಸಾಕು," ಎಂದರು.

ತೆಗೆದೆ. ನನ್ನ ಅಜ್ಜನ ಎಲೆಗೆ ಹೋಳಿಗೆ ಬಡಿಸಿದೆ, ಮೇಲೆ ತುಪ್ಪ ಹಾಕಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಆಮೇಲೂ ಅತ್ತೆ ಬಹಳ ವರ್ಷ ಬದುಕಿದ್ದರು. ಪ್ರತಿ ಹಬ್ಬಕ್ಕೂ ಎಡೆ ಬಡಿಸಿದವಳು ನಾನೇ, ಅವರ ಅಪ್ಪನ ಆ ಒಂದು ಎಲೆಯನ್ನು ಬಿಟ್ಟು.

ಕಾಗದಗಳು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿವೆ. ತೆಗೆದು ಗಟ್ಟಿಯಾಗಿ ಓದಿ, ನನ್ನ ಮುಂದೆಯೇ ಓದಿ. ಅತ್ತೆಯನ್ನು ಅವರ ಅಪ್ಪ ಮರೆತಿರಲಿಲ್ಲ. ಅದನ್ನು ಅವರಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ. ನಾನು ಹೇಳಲಿಲ್ಲ.