ಟಿಪ್ಪರ್ ಎಂಬ ಬೆಕ್ಕಿನ ತೂಕ

ನಮ್ಮಪ್ಪ ವ್ಯಾಸರಾಜ ದಿನಕ್ಕೆರಡು ಕಡೆ ಕೈಮುಗಿಯುತ್ತಿದ್ದರು. ಬೆಳಿಗ್ಗೆ ಹೊಸಪೇಟೆಯ ನಮ್ಮ ಮನೆಯಲ್ಲಿ ರಾಯರ ಪಟಕ್ಕೆ, ಆಮೇಲೆ ಕೆಲಸದ ಜಾಗದಲ್ಲಿ ಕಾಟಾಕ್ಕೆ. ಕಾಟಾ ಎಂದರೆ ಲಾರಿ ತೂಗುವ ವೇಬ್ರಿಜ್. ಪಾಪಿನಾಯಕನಹಳ್ಳಿ ಹತ್ತಿರ ರಸ್ತೆ ಬದಿಯಲ್ಲಿದ್ದ ಒಂದು ಖಾಸಗಿ ಕಾಟಾದಲ್ಲಿ ಅಪ್ಪ ಹನ್ನೆರಡು ವರ್ಷದಿಂದ ತೂಕ ಬರೆಯುತ್ತಿದ್ದರು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ಇಳಿಯುತ್ತಿದ್ದ ಕಾಲ ಅದು. ಅಪ್ಪ ಬಿಳಿ ಅಂಗಿಯಲ್ಲಿ ಹೋಗಿ ಕೆಂಪು ಅಂಗಿಯಲ್ಲಿ ಬರುತ್ತಿದ್ದರು.

ಕಾಟಾ ಏನು ತೋರಿಸುತ್ತದೋ ಅದನ್ನೇ ಬರೆಯುವುದು ಅಪ್ಪನ ಹಟ. ಲಾರಿ ಮಾಲೀಕರು ಬಂದು, "ಸ್ವಾಮಿ, ಒಂದೆರಡು ಟನ್ ಕಣ್ಣು ಮುಚ್ಚ್ರಿ" ಎಂದರೆ, "ನಾ ಕಣ್ಣು ಮುಚ್ಚೇನು, ಕಾಟಾ ಮುಚ್ಚಂಗಿಲ್ಲ. ಮುಂದಿನ ಕಾಟಾಕ್ಕ ಹೋಗ್ರಿ" ಎಂದು ಕಳಿಸುತ್ತಿದ್ದರು. ಈ ಚಾಳಿ ಮನೆಯಲ್ಲೂ ಬಿಡಲಿಲ್ಲ. ಮದುವೆಯಾದ ಹೊಸದರಲ್ಲಿ ಅಮ್ಮನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ನೀ ಐವತ್ತೆಂಟು ಕೆಜಿ ಇರಬೇಕು" ಎಂದರಂತೆ. ಅಮ್ಮ ಮೂರು ದಿನ ಮಾತು ಬಿಟ್ಟರು. ಅಂದಿನಿಂದ ಅಮ್ಮ ಯಾವ ತೂಕದ ಯಂತ್ರದ ಮೇಲೂ ಕಾಲಿಟ್ಟಿಲ್ಲ.

ಲಾರಿ ತೂಗುವ ಕ್ರಮವನ್ನು ಇಲ್ಲಿ ಹೇಳಿಬಿಡಬೇಕು. ಲಾರಿ ಮೊದಲ ಸಲ ಬಂದಾಗ ಅದನ್ನು ಖಾಲಿ ನಿಲ್ಲಿಸಿ ತೂಗಿ, ಆ ಖಾಲಿ ತೂಕವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಅದು ಎಷ್ಟು ಸಲ ಅದಿರು ತುಂಬಿ ಬಂದರೂ, ಒಟ್ಟು ತೂಕದಲ್ಲಿ ಆ ಖಾಲಿ ತೂಕ ಕಳೆದರೆ ಅದಿರಿನ ತೂಕ. ದಿನಕ್ಕೆ ಮುನ್ನೂರು ಲಾರಿ ಸಾಲುಗಟ್ಟಿ ಹಾರ್ನ್ ಹೊಡೆಯುವಾಗ ಪ್ರತಿ ಸಲ ಖಾಲಿ ಮಾಡಿಸಿ ತೂಗುವ ಪುರುಸೊತ್ತು ಯಾರಿಗಿತ್ತು?

ಆ ಕಾಟಾದ ಕ್ಯಾಬಿನ್ನಿನಲ್ಲಿ ಒಂದು ಬೆಕ್ಕಿತ್ತು. ಡ್ರೈವರುಗಳು ಅದಕ್ಕೆ ಟಿಪ್ಪರ್ ಎಂದು ಹೆಸರಿಟ್ಟಿದ್ದರು. ಟಿಪ್ಪರಿಗೆ ತಿನಿಸಿದರೆ ದಾರಿಯಲ್ಲಿ ಪಂಕ್ಚರ್ ಆಗುವುದಿಲ್ಲ ಎಂದು ಯಾರೋ ಒಬ್ಬ ಪುಣ್ಯಾತ್ಮ ಸುದ್ದಿ ಹಬ್ಬಿಸಿದ್ದ. ಹೀಗಾಗಿ ಆಮ್ಲೆಟ್, ಪರೋಟ, ಡ್ಯಾಮಿನ ಮೀನು, ಹಾಲಿನ ಕೆನೆ ಎಲ್ಲವೂ ಅದರ ಮುಂದೆ ಬಂದು ಬೀಳುತ್ತಿದ್ದವು. ಅದು ಊದುತ್ತಾ ಹೋಯಿತು. ಕೊನೆಗೊಂದು ದಿನ ಲಾರಿಯ ನೆರಳಿನಲ್ಲಿ ಮಲಗಿದ್ದ ಬೆಕ್ಕು, ಲಾರಿ ಹೊರಟಾಗ ಹಾರಲಾರದೆ ಹೊರಳಿಕೊಂಡೇ ಪಕ್ಕಕ್ಕೆ ಬಂತು. ಬಾಲದ ತುದಿ ಒಂದಿಂಚು ಚಕ್ರದಡಿ ಹೋಯಿತು. ಅಪ್ಪ ಕಾಟಾ ಬಿಟ್ಟು ಓಡಿ ಅದನ್ನು ಎತ್ತಿಕೊಂಡರು. ಹನ್ನೆರಡು ವರ್ಷದಲ್ಲಿ ಅವರು ತೂಕದ ನಡುವೆ ಎದ್ದದ್ದು ಅದೊಂದೇ ಸಲ.

ಪಶು ಆಸ್ಪತ್ರೆಯ ಡಾಕ್ಟರು ಬಾಲಕ್ಕೆ ಪಟ್ಟಿ ಕಟ್ಟಿ, ಬೆಕ್ಕನ್ನು ತೂಗಿ ಬೈದರು. "ಎಂಟೂವರಿ ಕೆಜಿ ಐತ್ರಿ ಇದು. ಹೃದಯಾ ತಡಿಯಂಗಿಲ್ಲ. ಆರೂವರಿಗೆ ಇಳಸ್ರಿ. ಹಾಲು, ತುಪ್ಪ, ಅನ್ನ ಬಂದ್. ಉಪ್ಪು ಖಾರ ಇಲ್ದ ಬೇಯಿಸಿದ ಕೋಳಿ, ಅದರಾಗ ಸ್ವಲ್ಪ ಕುಂಬಳಕಾಯಿ, ಬೀನ್ಸ್ ಕಲಸಿ ಹಾಕ್ರಿ. ಬರೇ ಕಾಯಿಪಲ್ಯ ಹಾಕಿದ್ರೂ ಬೆಕ್ಕು ಬದುಕಂಗಿಲ್ಲ, ನೆನಪಿಡ್ರಿ."

ಅಪ್ಪ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ನೇರ ಮನೆಗೆ ಬಂದರು. ನಮ್ಮದು ಈರುಳ್ಳಿಗೂ ಹತ್ತು ಸಲ ಯೋಚಿಸುವ ಮನೆ. ಅಮ್ಮ ಗಂಗಾಬಾಯಿ ಮಡಿಯುಟ್ಟು ಬಾಗಿಲಿಗೆ ಬಂದು ಬುಟ್ಟಿ ನೋಡಿದರು, ಅಪ್ಪನ ಮುಖ ನೋಡಿದರು.

"ಕೋಳಿ ತಿನ್ನೋ ಪ್ರಾಣಿನ ನನ್ನ ಮನಿಗೆ ತಂದೀರೇನ್ರಿ?"

"ಅಲ್ಲಿ ಬಿಟ್ರ ಸಾಯ್ತದ, ಗಂಗಾ."

ಅಮ್ಮ ಬಾಗಿಲಿಗೆ ಅಡ್ಡ ನಿಂತೇ ಕಾನೂನು ಹೇಳಿದರು. ಕೋಳಿಯ ಡಬ್ಬಿ ಗೇಟು ದಾಟುವಂತಿಲ್ಲ. ಡಬ್ಬಿ ಮುಟ್ಟಿದವರು ಹಿತ್ತಲಲ್ಲಿ ಸ್ನಾನ ಮಾಡದೆ ಒಳಗೆ ಬರುವಂತಿಲ್ಲ. ಚಾತುರ್ಮಾಸ್ಯ ಮುಗಿಯುವ ಕಾರ್ತಿಕದ ಏಕಾದಶಿಯೊಳಗೆ ಬೆಕ್ಕು ಆರೂವರೆ ಕೆಜಿಗೆ ಇಳಿಯಬೇಕು. ಇಳಿಯದಿದ್ದರೆ ಕಂಪ್ಲಿಯಲ್ಲಿರುವ ತಮ್ಮ ವಾದಿರಾಜನ ಭತ್ತದ ಗೋದಾಮಿಗೆ ಕಳಿಸಿಬಿಡುವುದು. "ಅಲ್ಲಿ ಇಲಿ ಹಿಂದ ಓಡಿ ತಾನ ಇಳೀತದ" ಎಂದರು. ಆಗಲೇ ಫೋನ್ ಮಾಡಿ ತಮ್ಮನಿಗೂ ಮಾತು ಕೊಟ್ಟರು. ಅಮ್ಮ ಆಡಿದ ಮಾತು ತಿರುಗಿಸಿದ್ದನ್ನು ನಮ್ಮ ಬಳಗದಲ್ಲಿ ಯಾರೂ ಕಂಡಿಲ್ಲ. ಅಪ್ಪನ ಮುಖ ಸಣ್ಣದಾಯಿತು. ಕಂಪ್ಲಿಗೆ ಹೋದ ಬೆಕ್ಕು ಮತ್ತೆ ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಆಷಾಢದ ಏಕಾದಶಿಯ ಬೆಳಿಗ್ಗೆ ಮೊದಲ ತೂಕ. ಎಲ್ಲರ ಹೊಟ್ಟೆಯೂ ಖಾಲಿ ಇರುವ ದಿನವೇ ಸರಿಯಾದ ದಿನ ಎಂದು ಅಪ್ಪನ ವಾದ. ಬಜಾರಿನಿಂದ ಮನುಷ್ಯರನ್ನು ತೂಗುವ ಯಂತ್ರ ತಂದರು. ಬೆಕ್ಕು ಅದರ ಮೇಲೆ ನಿಲ್ಲಬೇಕಲ್ಲ? ಅಪ್ಪನಿಗೆ ಉಪಾಯ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ತಾವೊಬ್ಬರೇ ನಿಂತರು: ಅರವತ್ತೆಂಟು. ಬೆಕ್ಕನ್ನೆತ್ತಿಕೊಂಡು ನಿಂತರು: ಎಪ್ಪತ್ತಾರೂವರೆ. ಕಳೆದರೆ ಎಂಟೂವರೆ. ಕ್ಯಾಲೆಂಡರಿನ ಮೇಲೆ ಗುಂಡಗೆ ಬರೆದರು. ಪ್ರತಿ ಏಕಾದಶಿಗೆ ಒಂದು ತೂಕ ಎಂದು ನಿಶ್ಚಯವಾಯಿತು.

ಮರುದಿನದಿಂದಲೇ ತೊಡಕು ಶುರು. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ, ಮನೆಯಲ್ಲಿ ಕಾಯಿಪಲ್ಯ ಮಾಡುವ ಹಾಗಿಲ್ಲ. "ನಾವ ತಿನ್ನಂಗಿಲ್ಲ, ಬೆಕ್ಕಿಗೆ ಕುಂಬಳಕಾಯಿ ಬೇಯಿಸ್ಲೇನು?" ಎಂದು ಅಮ್ಮ ಸೌಟು ಕುಕ್ಕಿದರು. ಕೋಳಿ ಮೊದಲೇ ಇಲ್ಲ, ಈಗ ಕುಂಬಳಕಾಯಿಯೂ ಇಲ್ಲ. ಡಾಕ್ಟರು ಹೇಳಿದ ಪಥ್ಯದಲ್ಲಿ ನಮ್ಮ ಮನೆಯಲ್ಲಿ ಉಳಿದದ್ದು ನೀರೊಂದೇ.

ಕಾಟಾದ ಎದುರು ಚಹಾದಂಗಡಿ ಇಟ್ಟಿದ್ದ ಎರ್ರೆಮ್ಮ ಕೈಹಿಡಿದಳು. ಕೋಳಿಯ ನಾಲ್ಕು ಚೂರು ಸಪ್ಪಗೆ ಬೇಯಿಸಿ ಡಬ್ಬಿಗೆ ಹಾಕಿಕೊಡುತ್ತಿದ್ದಳು. ಕುಂಬಳಕಾಯಿಯನ್ನು ಅಪ್ಪ ಕ್ಯಾಬಿನ್ನಿನಲ್ಲೇ ಕರೆಂಟಿನ ಒಲೆಯ ಮೇಲೆ ಬೇಯಿಸುತ್ತಿದ್ದರು. ಒಂದು ಕೈಯಲ್ಲಿ ಲಾರಿ ತೂಕದ ಚೀಟಿ, ಇನ್ನೊಂದು ಕೈಯಲ್ಲಿ ಚಮಚ. ಡ್ರೈವರ್ ಅಂಜಿನಯ್ಯ ಕಿಟಕಿಯಲ್ಲಿ ತಲೆ ತೂರಿಸಿ, "ಏನ್ ಸ್ವಾಮಿ, ಕುಂಬಳಕಾಯಿ ನಮ್ಮ ಗಾಡಿಗೆ ದೃಷ್ಟಿ ತೆಗ್ಯಾಕೇನ್ರಿ?" ಎಂದು ಕಿಚಾಯಿಸಿದ. ಎರ್ರೆಮ್ಮ, "ಹೋಗಲೇ, ಆ ಬೆಕ್ಕಿಗಿರೋ ಯೋಗ ನಿನಗೈತೇನ?" ಎಂದು ಓಡಿಸಿದಳು.

ಮಧ್ಯಾಹ್ನ ಎರಡೂವರೆಗೆ ಅಪ್ಪನ ಸ್ಕೂಟರ್ ಸದ್ದು ಕೇಳಿದರೆ ಟಿಪ್ಪರ್ ಗೇಟಿನ ಹೊರಗೆ ಹಾಜರು. ಅಪ್ಪ ಮುಖ ಆ ಕಡೆ ತಿರುಗಿಸಿ, ಎರಡೇ ಬೆರಳಲ್ಲಿ ಡಬ್ಬಿ ಮುಚ್ಚಳ ತೆಗೆದಿಟ್ಟು ಹಿತ್ತಲಿಗೆ ಸ್ನಾನಕ್ಕೆ ಹೋಗುತ್ತಿದ್ದರು. ಬೆಕ್ಕು ಕುಂಬಳಕಾಯಿಯಲ್ಲಿ ಅಡಗಿದ್ದ ಕೋಳಿಯನ್ನು ಆರಿಸುತ್ತಾ ಅರ್ಧ ಗಂಟೆ ಕೂರುತ್ತಿತ್ತು. ಬೇರೆ ಗತಿ ಇಲ್ಲ ಎಂದು ತಿಳಿದ ಮೇಲೆ ಕುಂಬಳಕಾಯಿಯನ್ನೂ ಅಸಹ್ಯಪಟ್ಟುಕೊಂಡೇ ನುಂಗುತ್ತಿತ್ತು. ಶಾಕವ್ರತ ಮುಗಿದ ಮೇಲೆ ಅಮ್ಮನೇ ಬೀನ್ಸ್ ಬೇಯಿಸಿ ಅಪ್ಪನ ಕೈಗೆ ಕೊಡತೊಡಗಿದರು. "ಏನಾದ್ರೂ ಆಗ್ಲಿ, ಜೀವ ಅಲ್ಲೇನು" ಎಂದು ಗೊಣಗಿದರು.

ಆ ಗೊಣಗಾಟದ ಹಿಂದೆ ಏನಿದೆ ಎಂದು ನನಗೆ ಒಂದು ಭಾನುವಾರ ಗೊತ್ತಾಯಿತು. ನಾನಾಗ ಬಿ.ಕಾಂ. ಓದುತ್ತಿದ್ದೆ. ಅಮ್ಮ ನೈವೇದ್ಯ ಮುಗಿಸಿ, ಹಿತ್ತಲಿನ ನಲ್ಲಿಯ ಕಟ್ಟೆಯ ಮೇಲೆ ಮುತ್ತುಗದ ಎಲೆ ಹಾಸಿ, ಬಿಸಿ ಅನ್ನ, ಹೆಬ್ಬೆರಳು ಗಾತ್ರದ ತುಪ್ಪ, ಪಕ್ಕಕ್ಕೆ ಒಂದು ಸೌಟು ಹೆಸರುಬೇಳೆ ಪಾಯಸ ಬಡಿಸುತ್ತಿದ್ದರು. "ಬಾರೋ ಟಿಪ್ಪರಣ್ಣ, ಬಾ ಕಂದ. ಕುಂಬಳಕಾಯಿ ತಿಂದು ಬದುಕ್ತದೇನು ಯಾವುದರ ಜೀವ?" ಎಂದು ಪಿಸುಗುಡುತ್ತಿದ್ದರು. ಬಾಗಿಲಲ್ಲಿ ನಿಂತು ಆ ಪ್ರಾಣಿ ಎನ್ನುತ್ತಿದ್ದ ಹೆಂಗಸು ಹಿತ್ತಲಲ್ಲಿ ಕಂದ ಎನ್ನುತ್ತಿದ್ದರು! ಅಷ್ಟರಲ್ಲಿ ಸ್ಕೂಟರ್ ಸದ್ದಿಗೆ ಬೆಕ್ಕು ಗೇಟಿಗೆ ಓಡಿತು. ಮೂರು ಗಂಟೆಗೆ ಹೋಗಿ ನೋಡಿದರೆ ಎಲೆ ತೊಳೆದಿಟ್ಟಷ್ಟು ಸ್ವಚ್ಛ. ನಾನು ಬಾಯಿ ಬಿಡಲಿಲ್ಲ. ಅಮ್ಮನ ಗುಟ್ಟು ಒಡೆದರೆ ನನಗೆ ಒಂದು ವಾರ ಊಟದಲ್ಲಿ ಉಪ್ಪಿರುವುದಿಲ್ಲ.

ಅದಕ್ಕೇ ತೂಕ ಇಳಿಯಲಿಲ್ಲ ಎಂದುಕೊಂಡೆ. ಏಕಾದಶಿಗಳು ಉರುಳಿದವು. ಎಪ್ಪತ್ತಾರೂವರೆ, ಎಪ್ಪತ್ತಾರು, ಮತ್ತೆ ಎಪ್ಪತ್ತಾರೂವರೆ, ಒಮ್ಮೆ ಎಪ್ಪತ್ತೇಳು. ಅಪ್ಪ ಅರವತ್ತೆಂಟು ಕಳೆಯುತ್ತಿದ್ದರು, ನಿಟ್ಟುಸಿರು ಬಿಡುತ್ತಿದ್ದರು, ಬರೆಯುತ್ತಿದ್ದರು. ಚಿಂತೆಯಲ್ಲಿ ಅವರ ಅಂಗಿಯ ಗುಂಡಿಗಳು ಕಿತ್ತು ಬರತೊಡಗಿದವು. ನಾನು ಮೂರು ಸಲ ಹೊಲಿದುಕೊಟ್ಟೆ. "ಡ್ಯಾಮಿನ ನೀರಿಗೆ ಬಟ್ಟಿ ಕುಗ್ಗತಾವ" ಎಂದರು.

ವಿಚಿತ್ರವೆಂದರೆ ದಸರೆಯ ಹೊತ್ತಿಗೆ ಟಿಪ್ಪರ್ ಕಾಂಪೌಂಡ್ ಗೋಡೆ ಹತ್ತಿತು. ಮೊದಲು ಮೆಟ್ಟಿಲು ಹತ್ತಲೂ ಏದುಸಿರು ಬಿಡುತ್ತಿದ್ದ ಬೆಕ್ಕು ಈಗ ಒಂದೇ ನೆಗೆತಕ್ಕೆ ಮೇಲೆ.

"ಅಪ್ಪಾ ನೋಡಿಲ್ಲೆ, ಇಳದದ ಅದು! ಇಲ್ಲಂದ್ರ ಹೆಂಗ ಹಾರ್ತದ?" ಎಂದೆ.

ಅಪ್ಪ ಕ್ಯಾಲೆಂಡರ್ ತೋರಿಸಿದರು. "ಶ್ರೀವಾಣಿ, ಕಣ್ಣು ಸುಳ್ಳು ಹೇಳ್ತಾವ. ಕಾಟಾ ಹೇಳಂಗಿಲ್ಲ."

ಕಾರ್ತಿಕದ ಏಕಾದಶಿ ಬಂದೇಬಿಟ್ಟಿತು. ವಾದಿರಾಜ ಮಾಮ ಬೆಳಿಗ್ಗೆ ಕಂಪ್ಲಿ ಬಸ್ಸಿಗೆ ಬುಟ್ಟಿ ಸಮೇತ ಬಂದಿಳಿದ. ಅಪ್ಪ ಬೆಕ್ಕನ್ನೆತ್ತಿಕೊಂಡು ಯಂತ್ರದ ಮೇಲೆ ನಿಂತರು. ಎಪ್ಪತ್ತಾರೂವರೆ. ನಾನು ಅಪ್ಪನ ಕಿವಿಯಲ್ಲಿ, "ಎಪ್ಪತ್ನಾಕೂವರಿ ಅಂತ ಬರೀರಿ ಅಪ್ಪಾ. ಯಾರು ನೋಡ್ತಾರ?" ಎಂದೆ. ಅಪ್ಪ ನನ್ನನ್ನು ನೋಡಿದ ನೋಟಕ್ಕೆ ನನಗೆ ನಾಚಿಕೆಯಾಯಿತು. ಪೆನ್ನಿನ ಮುಚ್ಚಳ ತೆಗೆದು, ಬೆಕ್ಕಿನ ತಲೆ ಒಮ್ಮೆ ಸವರಿದರು. ಆದರೂ ಎಂಟೂವರೆ ಎಂದೇ ಬರೆದರು. ಒಳಗೆ ಅಮ್ಮ ದೇವರ ಪಾತ್ರೆಗಳನ್ನು ತಿಕ್ಕುತ್ತಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಮಾತು ಕೊಟ್ಟಾಗಿತ್ತು. ಅವರಿಬ್ಬರ ಹಟಕ್ಕೆ ಸಿಟ್ಟು ಬಂದು ನನಗೆ ಅಳುವೇ ಬಂತು.

ಮಾಮ ಬೆಕ್ಕನ್ನೆತ್ತಿ ಬುಟ್ಟಿಗೆ ಹಾಕಲು ಹೋದವನು ಹಾಗೇ ನಿಂತ. ಇಪ್ಪತ್ತು ವರ್ಷ ಭತ್ತದ ಚೀಲ ಎತ್ತಿಳಿಸಿದ ಕೈ ಅವನದು.

"ಭಾವಾ, ಎಷ್ಟು ಬರದ್ರಿ?"

"ಎಂಟೂವರಿ."

"ಯಾರಿಗೆ ಹೇಳ್ತೀರಿ? ಇದು ಆರರ ಮ್ಯಾಲ ಒಂದು ಹಿಡಿ ಇದ್ರ ನಾ ಗೋದಾಮಿಗೆ ಬೀಗ ಹಾಕ್ತೀನಿ."

"ಕಾಟಾ ಸುಳ್ಳು ಹೇಳ್ತದೇನೋ?"

"ಕಾಟಾ ಹೇಳಂಗಿಲ್ಲ. ನಿಮ್ಮ ಖಾಲಿ ತೂಕ ಯಾವಾಗ ತೂಗಿದ್ರಿ?"

ಅಪ್ಪ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಆಷಾಢದಲ್ಲಿ ಒಂದು ಸಲ ತೂಗಿದ್ದು ಅಷ್ಟೇ. ಲಾರಿಗೆ ಮಾಡುವ ಹಾಗೆಯೇ ತಮಗೂ ಮಾಡಿಕೊಂಡಿದ್ದರು.

"ಒಬ್ಬರ ನಿಲ್ಲ್ರಿ" ಎಂದರು ಅಮ್ಮ. ಯಾವಾಗ ಬಂದು ನಿಂತಿದ್ದರೋ.

ಅಪ್ಪ ಒಬ್ಬರೇ ನಿಂತರು. ಮುಳ್ಳು ಎಪ್ಪತ್ತೂವರೆಗೆ ಹೋಗಿ ನಿಂತಿತು. ಬೆಕ್ಕು ಆರು ಕೆಜಿ! ಅಮ್ಮ ಹೇಳಿದ್ದಕ್ಕಿಂತ ಅರ್ಧ ಕೆಜಿ ಕಡಿಮೆಯೇ. ನಾನು ಕೂಗಿಕೊಂಡು ಟಿಪ್ಪರನ್ನು ತಬ್ಬಿಕೊಂಡೆ. ಆದರೆ ಅಮ್ಮನ ಕಣ್ಣು ಬೆಕ್ಕಿನ ಮೇಲಿರಲಿಲ್ಲ, ಅಪ್ಪನ ಹೊಟ್ಟೆಯ ಮೇಲಿತ್ತು.

"ನಾಕು ತಿಂಗಳದಾಗ ಎರಡೂವರಿ ಕೆಜಿ. ಏನ್ ತಿಂದ್ರಿ?"

ಅಪ್ಪ ನೆಲ ನೋಡುತ್ತಾ ಹೇಳಿದರು. "ನಲ್ಲಿ ಕಟ್ಟಿ ಮ್ಯಾಲ ದಿನಾ ಎಲಿ ಇರ್ತಿತ್ತು. ಬೆಕ್ಕು ತಿಂದ್ರ ಪಥ್ಯ ಕೆಡ್ತದ. ಚೆಲ್ಲೋಣಂದ್ರ ದೇವರಿಗೆ ತೋರಿಸಿದ ಅನ್ನ. ಅದು ಗೇಟಿನ್ಯಾಗ ತಿಂದು ಬರೋದ್ರಾಗ ನಾನ..."

"ನನಗ ಹೇಳಬೇಕಿಲ್ಲೇನು, ಹಾಕಬ್ಯಾಡ ಅಂತ?"

"ಹೇಳಿದ್ರ ನೀ ನಿಲ್ಲಸ್ತಿದ್ದಿ. ನೀ ಅದಕ್ಕ ಕಂದ ಅನ್ನೋದು ಕೇಳೀನಿ. ದಿನಾ ಬಡಿಸಿ ಬಡಿಸಿ ಕಳಸೋ ಮನಸ್ಸು ಹೋಗ್ತದ ಅಂತ ಆಸೆ ಇತ್ತು." ಹೊಟ್ಟೆ ಸವರಿಕೊಂಡು ಸೇರಿಸಿದರು, "ಪಾಯಸನೂ ಭಾಳ ಚಲೋ ಇರ್ತಿತ್ತು."

ಅಮ್ಮನ ಮುಖ ಕೆಂಪಾಯಿತು. ಮಾಮ ಖಾಲಿ ಬುಟ್ಟಿ ಹಿಡಿದು, "ಅಕ್ಕಾ, ಇಳೀದೇ ಇರೋರನ್ನ ಕರಕೊಂಡು ಹೋಗಂತ ಮಾತಾಗಿತ್ತು. ಭಾವನ್ನ ಇದರಾಗ ಕೂಡಸ್ಲೇನು?" ಎಂದ. ಮರುದಿನ ದ್ವಾದಶಿಯ ಪಾರಣೆಗೆ ಎಲ್ಲರ ಎಲೆಯಲ್ಲೂ ಪಾಯಸ ಬಿತ್ತು. ಅಪ್ಪನ ಎಲೆಯಲ್ಲಿ ಸಪ್ಪೆ ಕುಂಬಳಕಾಯಿ. ಟಿಪ್ಪರ್ ಹೊಸ್ತಿಲಲ್ಲಿ ಕೂತು ಅಪ್ಪ ನುಂಗುವುದನ್ನೇ ನೋಡುತ್ತಿತ್ತು.

ಅಪ್ಪನಿಗೆ ಕುಂಬಳಕಾಯಿಗಿಂತ ಮಾಮ ಕೇಳಿದ ಖಾಲಿ ತೂಕದ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸೋಮವಾರ ಕಾಟಾಕ್ಕೆ ಹೋದವರು ಪುಸ್ತಕದಲ್ಲಿದ್ದ ಖಾಲಿ ತೂಕಗಳಿಗೆಲ್ಲ ಅಡ್ಡಗೆರೆ ಎಳೆದು, ಪ್ರತಿ ಲಾರಿಯೂ ಖಾಲಿ ಬಂದು ಮತ್ತೆ ತೂಗಿಸಿಕೊಳ್ಳಬೇಕೆಂದು ಕೂತರು. ಲಾರಿಗಳ ಸಾಲು ಊರೊಳಗಿನವರೆಗೂ ಹೋಯಿತು. ಹೊಸ ಬಂಪರ್, ಹಲಗೆ, ಮೆತ್ತಿದ ಮಣ್ಣು ಎಲ್ಲ ಸೇರಿ ಒಂದೊಂದು ಲಾರಿ ಇನ್ನೂರು ಮುನ್ನೂರು ಕೆಜಿ ಹೆಚ್ಚಿತ್ತು. ಅದೆಲ್ಲ ಇಷ್ಟು ದಿನ ಅದಿರಿನ ತೂಕಕ್ಕೆ ಸೇರುತ್ತಿತ್ತು. ಕಾಟಾದ ಧಣಿ ಬೈದ. ಬೆಕ್ಕಿನಿಂದಲೇ ಇದೆಲ್ಲ ಎಂದು ತಿಳಿದ ಅಂಜಿನಯ್ಯ, "ಆ ಟಿಪ್ಪರಿಗೆ ಆಮ್ಲೆಟ್ ತಿನಿಸಿದ್ದು ದಂಡಾತಲ್ಲೋ!" ಎಂದು ತಲೆ ಚಚ್ಚಿಕೊಂಡ. ಮನೆಗೆ ಬಂದ ಅಪ್ಪ, "ಹನ್ನೆರಡು ವರ್ಷ ಖರೇ ಬರದೀನಿ ಅಂತ ತಿರಗಿದೆನಲ್ಲೇ" ಎಂದರು. ಪಾಪ, ಅವರಿಗೆ ನಿಜವಾಗಿ ನೋವಾಗಿತ್ತು. ಅಂದು ಅಮ್ಮ ಕುಂಬಳಕಾಯಿಗೆ ಒಗ್ಗರಣೆ ಹಾಕಿದರು.

ಮುಂದಿನ ಏಕಾದಶಿಗೆ ಅಪ್ಪ ಮತ್ತೆ ಯಂತ್ರ ಒರೆಸಿ ಇಟ್ಟರು. ಅಮ್ಮ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು.

"ನಿಮ್ಮನ್ನ ನಂಬಂಗಿಲ್ಲ. ಇವತ್ತು ಟಿಪ್ಪರಣ್ಣನ್ನ ಹಿಡಕೊಂಡು ನಾ ನಿಲ್ತೀನಿ."

"ಭಾಳ ಚಲೋ ಆತು" ಎಂದು ಅಪ್ಪ ಪೆನ್ನು ತೆಗೆದರು. "ಆದ್ರ ಮೊದಲ ಅದನ್ನ ಕೆಳಗ ಬಿಟ್ಟು ನೀ ಒಬ್ಬಾಕೀನ ನಿಲ್ಲು."

ಯಂತ್ರದ ಕಡೆ ಎತ್ತಿದ್ದ ಅಮ್ಮನ ಕಾಲು ಗಾಳಿಯಲ್ಲೇ ನಿಂತಿತು. ಅಪ್ಪನನ್ನು ನೋಡಿದರು, ಯಂತ್ರವನ್ನು ನೋಡಿದರು, ಆಮೇಲೆ ಬೆಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಆರ ಕೆಜಿ ಅದ" ಎಂದರು. "ಕಣ್ಣಿಗೇ ಕಾಣಸ್ತದ."

ಅಪ್ಪ ಕ್ಯಾಲೆಂಡರಿನಲ್ಲಿ ಆರು ಎಂದು ಬರೆದುಕೊಂಡರು.