ಎಡಗಡೆಯ ಹಿಂದಿನ ಚಕ್ರ

ಸೇತುವೆಯ ನಟ್ಟನಡುವೆ ಟೈರು ಸಿಡಿದಾಗ ವ್ಯಾನಕ್ಕ ಬ್ರೇಕ್ ಒತ್ತಲಿಲ್ಲ. ಒತ್ತಿದ್ದರೆ ಗಾಡಿ ಅಡ್ಡಡ್ಡ ತಿರುಗುತ್ತಿತ್ತು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದಳು. ಹಿಂದಿನಿಂದ ಲಾರಿಯೊಂದು ಹಾರ್ನ್ ಬಾರಿಸುತ್ತ ಕೂದಲೆಳೆಯ ಅಂತರದಲ್ಲಿ ಹಾದುಹೋಯಿತು. ವ್ಯಾನು ಕುಂಟುತ್ತ ಕುಂಟುತ್ತ ಕಟಕಟೆಯ ಪಕ್ಕಕ್ಕೆ ಬಂದು ನಿಂತಿತು.

ಒಳಗೆ ಏಳು ಜನ. ಆರು ಮಂದಿ ಡಯಾಲಿಸಿಸ್‌ಗೆ ಹೊರಟವರು, ಏಳನೆಯವರು ಆ ಆರರಲ್ಲೊಬ್ಬರಾದ ಮೇಷ್ಟ್ರ ಜೊತೆಗೆ ಬರುವ ಅವರ ಹೆಂಡತಿ.

"ಯಾರಿಗೂ ಏನೂ ಆಗಿಲ್ಲ ತಾನೆ?" ಅಂತ ವ್ಯಾನಕ್ಕ ತಿರುಗಿ ನೋಡಿದಳು.

"ಆಗೋದೆಲ್ಲ ಆಗಿಯೇ ನಿನ್ನ ಗಾಡಿ ಹತ್ತಿದ್ದೀವಿ. ನಮ್ಮನ್ನ ಬಿಡು, ಟೈರ್ ನೋಡು ತಾಯಿ," ಅಂದರು ಮೇಷ್ಟ್ರು. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಮನುಷ್ಯ, ತಮಾಷೆ ಮಾಡಿದರೂ ಕೈ ಮಾತ್ರ ಹೆಂಡತಿಯ ಮಣಿಕಟ್ಟನ್ನು ಬಿಟ್ಟಿರಲಿಲ್ಲ.

ಇಳಿದು ನೋಡುವ ಅಗತ್ಯವೇ ಇರಲಿಲ್ಲ. ಎಡಗಡೆಯ ಹಿಂದಿನ ಚಕ್ರ. ಗಾಡಿ ತಂದು ನಾಲ್ಕು ತಿಂಗಳು, ಇದು ಮೂರನೆಯ ಟೈರು, ಮೂರೂ ಅದೇ ಜಾಗದ್ದು.

ವ್ಯಾನಕ್ಕನಿಗೆ ಆಗ ನಲವತ್ತಾರು. ಹನ್ನೆರಡು ವರ್ಷ ಬೇರೆಯವರ ಆಂಬುಲೆನ್ಸ್ ಓಡಿಸಿದವಳು. ಸೈರನ್ ಹಾಕಿಕೊಂಡು ಆಸ್ಪತ್ರೆಗೆ ಹೋಗುವವರನ್ನು ಎಲ್ಲರೂ ವಿಚಾರಿಸುತ್ತಾರೆ, ವಾರಕ್ಕೆ ಮೂರು ಸಲ ಸದ್ದಿಲ್ಲದೆ ಹೋಗಿ ಬರುವವರನ್ನು ಕೇಳುವವರಿಲ್ಲ ಅನ್ನುವುದು ಅವಳ ಕಣ್ಣಿಗೆ ಬಿದ್ದಿತ್ತು. ಅಂಥವರಿಗಾಗಿಯೇ ಸ್ವಂತ ವ್ಯಾನು ಕೊಂಡಳು. ಡ್ರೈವರ್ ಸೇರಿ ಎಂಟು ಸೀಟು. ಅವಳ ನಿಜವಾದ ಹೆಸರು ಗಾಡಿಯ ಕಾಗದದಲ್ಲಿ ಮಾತ್ರ ಉಳಿದು, ಬಾಯಿಂದ ಬಾಯಿಗೆ ವ್ಯಾನಕ್ಕ ಆಗಿಬಿಟ್ಟಳು. ಗಂಡ ಕೂಡ ಹಾಗೇ ಕರೆದು ಒಮ್ಮೆ ಬೈಸಿಕೊಂಡಿದ್ದ.

ಮೊದಲ ಟೈರು ಹೋದಾಗ ಶೋರೂಮಿನ ಸರ್ವಿಸ್ ಮ್ಯಾನೇಜರ್ ನಗುನಗುತ್ತಲೇ ಹೇಳಿದ್ದ, "ಟೈರಿಗೆ ನಮ್ಮ ವಾರಂಟಿ ಬರಲ್ಲ ಮೇಡಂ. ಟೈರ್ ಕಂಪನಿಯವರನ್ನ ಕೇಳಿ." ಟೈರ್ ಕಂಪನಿಯವನು ಟಾರ್ಚ್ ಬಿಟ್ಟು ನೋಡಿ, "ರಸ್ತೆ ಏಟು. ಟೈರ್ ತಪ್ಪಲ್ಲ," ಅಂದ. ಎರಡನೆಯದು ಹೋದಾಗಲೂ ಅದೇ ಎರಡು ಬಾಗಿಲು, ಅದೇ ಎರಡು ಉತ್ತರ. ಮ್ಯಾನೇಜರ್ ಈ ಸಲ ಒಂದು ಮಾತು ಸೇರಿಸಿದ, "ಜಾಸ್ತಿ ಜನ ತುಂಬ್ತೀರೇನೋ."

ಆ ಮಾತು ಅವಳಿಗೆ ಚುರುಕ್ ಅಂದಿತ್ತು. ಒಂದು ದಿನವೂ ಒಂಬತ್ತನೆಯವರನ್ನು ಹತ್ತಿಸಿದವಳಲ್ಲ ಅವಳು.

ಸೇತುವೆಯಿಂದ ಸ್ಟೆಪ್ನಿ ಹಾಕಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಐವತ್ತು ನಿಮಿಷ ತಡವಾಗಿತ್ತು. ಆ ಆರು ಜನರಲ್ಲಿ ಒಬ್ಬರಾದ ಟೈಲರಮ್ಮನ ಕಾಲು ಊದಿ ಚಪ್ಪಲಿ ಒಳಗೆ ಹೋಗುತ್ತಿರಲಿಲ್ಲ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ವಾರ್ಡಿಗೆ ನಡೆದರು. ವ್ಯಾನಕ್ಕ ಅದನ್ನು ನೋಡುತ್ತ ನಿಂತಳು. ನಾಲ್ಕನೇ ಸಲ ಇದೇ ಆದರೆ?

ಅವತ್ತು ಸಂಜೆ ಮೂರು ಸತ್ತ ಟೈರುಗಳನ್ನೂ ಪಂಕ್ಚರ್ ತಾತನ ಅಂಗಡಿ ಮುಂದೆ ಉರುಳಿಸಿದಳು. ಮೊದಲೆರಡನ್ನು ಎಸೆಯದೆ ಮೆಟ್ಟಿಲ ಕೆಳಗೆ ಇಟ್ಟುಕೊಂಡಿದ್ದಳು, ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ. ತಾತ ಕನ್ನಡಕ ಹಣೆಗೇರಿಸಿ ಕಣ್ಣಿಗಿಂತ ಹೆಚ್ಚಾಗಿ ಬೆರಳಲ್ಲೇ ನೋಡಿದ.

"ಕಲ್ಲು ಹೊಡೆದ್ರೆ ಒಂದು ಕಡೆ ಹರಿಯುತ್ತೆ ಮಗಳೇ. ಇಲ್ಲಿ ಮುಟ್ಟು. ಒಳಮಗ್ಗುಲಲ್ಲಿ ಸುತ್ತಲೂ ಗೆರೆ. ಮೂರರಲ್ಲೂ ಒಂದೇ ಕಡೆ. ಮೇಲಿಂದ ಏನೋ ಕೆರೀತಾ ಇದೆ."

"ಶೋರೂಮಲ್ಲಿ ಎತ್ತಿ ನೋಡಿದ್ರು ತಾತ. ಚಕ್ರದ ಮೇಲೆ ನಾಲ್ಕು ಬೆರಳು ಜಾಗ ಇದೆಯಂತೆ."

"ಖಾಲಿ ಗಾಡಿ ಎತ್ತಿ ನೋಡಿದ್ರೆ ಇರದೇ ಏನು? ಜನ ಕೂತಾಗ ನೋಡಬೇಕು."

ಮುಂದಿನ ಡಯಾಲಿಸಿಸ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮೇಷ್ಟ್ರು ವಾರಂಟಿ ಪುಸ್ತಕವನ್ನು ಪರೀಕ್ಷೆಯ ಪೇಪರು ತಿದ್ದುವಂತೆ ಓದಿದರು. ಹನ್ನೊಂದನೇ ಪುಟದಲ್ಲಿ ಪೆನ್ಸಿಲ್ ನಿಂತಿತು. ಗಾಡಿಯ ತಯಾರಿಕೆಯ ದೋಷದಿಂದ ಬೇರೆ ಯಾವ ಭಾಗ ಕೆಟ್ಟರೂ ಅದನ್ನು ಕಂಪನಿಯೇ ಬದಲಿಸಿಕೊಡಬೇಕು. "ನೀನು ಟೈರ್ ಕೇಳಬೇಡ. ದೋಷ ತೋರಿಸು. ಟೈರ್ ತಾನಾಗಿ ಬರುತ್ತೆ," ಅಂದರು.

ಕಂಪನಿಯ ಇಂಜಿನಿಯರ್ ತಿಂಗಳಿಗೊಮ್ಮೆ ಶೋರೂಮಿಗೆ ಬರುತ್ತಾನೆ, ಮುಂದಿನ ಗುರುವಾರ ಹನ್ನೊಂದಕ್ಕೆ ಅಂತ ಗೊತ್ತಾಯಿತು. ಗುರುವಾರ ಡಯಾಲಿಸಿಸ್ ಇಲ್ಲ. ವ್ಯಾನಕ್ಕ ಬಾಯಿಬಿಟ್ಟು ಕೇಳುವ ಮೊದಲೇ ಆರು ಜನವೂ ಹೊರಟು ಕೂತಿದ್ದರು. ಮೇಷ್ಟ್ರ ಹೆಂಡತಿ ಮಾತ್ರ ಜ್ವರ ಅಂತ ಮನೆಯಲ್ಲೇ ಉಳಿದರು.

ಮ್ಯಾನೇಜರ್ ಅವರನ್ನೆಲ್ಲ ಕಂಡು ಓಡಿಬಂದ. "ಏನಿದು ಮೇಡಂ, ಪಿಕ್ನಿಕ್ಕಾ?"

"ಜಾಸ್ತಿ ಜನ ತುಂಬ್ತೀನಿ ಅಂದ್ರಲ್ಲ ಸಾರ್, ಎಣಿಸಿಕೊಳ್ಳಿ ಅಂತ ಕರ್ಕೊಂಡು ಬಂದೆ."

ಇಂಜಿನಿಯರ್ ಗುಂಡುಗುಂಡಾಗಿದ್ದ ಗಂಭೀರ ಮನುಷ್ಯ. ಒಂದು ಕಣ್ಣು ಗಡಿಯಾರದ ಮೇಲೆ. ಆದರೂ ಮೂರು ಟೈರುಗಳನ್ನು ಸಾಲಾಗಿ ನಿಲ್ಲಿಸಿದಾಗ ಬಗ್ಗಿ ನೋಡಿದ. ಜನ ಕೂತ ಗಾಡಿಯನ್ನು ಎತ್ತುವಂತಿಲ್ಲ ಅಂತ ಮ್ಯಾನೇಜರ್ ತಕರಾರು ತೆಗೆದ. "ಎತ್ತೋದು ಬೇಡ. ಚಕ್ರದ ಮೇಲಿನ ತಗಡಿಗೆಲ್ಲ ಗ್ರೀಸ್ ಹಚ್ಚಿಸಿ. ಅಂಗಳದ ಹಂಪ್ ದಾಟಿಸ್ತೀನಿ. ಟೈರಿಗೆ ಗ್ರೀಸ್ ಅಂಟಿದ್ರೆ ನಾನು ಹೇಳಿದ್ದು ನಿಜ," ಅಂದಳು ವ್ಯಾನಕ್ಕ.

ಹಂಪ್ ದಾಟಿಸಿದಳು. ಮೆಕ್ಯಾನಿಕ್ ಬಗ್ಗಿ ಟಾರ್ಚ್ ಬಿಟ್ಟು, "ಏನೂ ಅಂಟಿಲ್ಲ ಸಾರ್," ಅಂದ.

ಮ್ಯಾನೇಜರ್ ಮುಖದಲ್ಲಿ ನಗು ಅರಳಿತು. ಇಂಜಿನಿಯರ್ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ. ಕಾಯಿಲೆಯವರನ್ನು ಬಿಸಿಲಲ್ಲಿ ಕೂರಿಸಿಕೊಂಡು ಬಂದು ಎಲ್ಲರ ಮುಂದೆ ನಗೆಪಾಟಲಾದೆನಲ್ಲ ಅಂತ ವ್ಯಾನಕ್ಕ ಕನ್ನಡಿಯಲ್ಲಿ ಅವರ ಮುಖಗಳನ್ನು ನೋಡಿದಳು. ಐದು ಮುಖ, ಆರನೆಯವರು ಮೇಷ್ಟ್ರು, ಅವರ ಪಕ್ಕದಲ್ಲಿ ಒಂದು ಖಾಲಿ ಸೀಟು. ಹಿಂದಿನ ಸಾಲಿನ ಎಡತುದಿ, ಮೇಷ್ಟ್ರ ಹೆಂಡತಿಯ ಜಾಗ. ಸರಿಯಾಗಿ ಆ ಚಕ್ರದ ಮೇಲೆ.

"ಸಾರ್, ಒಂದು ನಿಮಿಷ! ಅಲ್ಲೊಬ್ಬರು ಕೂರಬೇಕು. ಪ್ರತಿ ಸಲ ಕೂರ್ತಾರೆ. ಅದೂ ಅಲ್ಲದೆ ಈಗ ಹೆದರಿಕೊಂಡು ಆಮೆ ಥರ ಹೋದೆ. ಇನ್ನೊಂದೇ ಸಲ."

"ಮೇಡಂ, ಸಾರ್‌ಗೆ ಟೈಮಿಲ್ಲ," ಅಂದ ಮ್ಯಾನೇಜರ್.

"ಸಾರ್ ಅವರೇ ಕೂತ್ಕೊಳ್ಳಲಿ. ಎಂಟು ಸೀಟು, ಎಂಟು ಜನ."

ಇಂಜಿನಿಯರ್ ಗಡಿಯಾರ ನೋಡಿದ, ಟೈರುಗಳ ಕಡೆ ಮತ್ತೊಮ್ಮೆ ನೋಡಿದ. ಫೈಲನ್ನು ಮ್ಯಾನೇಜರ್ ಕೈಗೆ ಕೊಟ್ಟು ವ್ಯಾನು ಹತ್ತಿ ಆ ಸೀಟಿನಲ್ಲಿ ಕುಳಿತ. ಟೈಲರಮ್ಮ ಸೆರಗು ಎಳೆದುಕೊಂಡು ಜಾಗ ಬಿಟ್ಟರು.

ವ್ಯಾನಕ್ಕ ಆಸ್ಪತ್ರೆಯ ರಸ್ತೆಯಲ್ಲಿ ಹೋಗುವಷ್ಟೇ ವೇಗದಲ್ಲಿ ಹಂಪ್ ಹತ್ತಿಸಿದಳು. ಮುಂದಿನ ಚಕ್ರ ಇಳಿಯಿತು. ಹಿಂದಿನದು ಇಳಿಯುತ್ತಿದ್ದಂತೆ ಕೆಳಗಿನಿಂದ ಚರ್ ಅಂತ ಒಂದು ಸಣ್ಣ ಸದ್ದು. ಇಷ್ಟು ದಿನ ರಸ್ತೆಯ ಗದ್ದಲದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ.

"ನಿಲ್ಸಿ," ಅಂದ ಇಂಜಿನಿಯರ್.

ಟೈರಿನ ಒಳಮಗ್ಗುಲಿಗೆ ಹೆಬ್ಬೆರಳಗಲ ಗ್ರೀಸ್ ಅಂಟಿತ್ತು. ಎಲ್ಲರನ್ನೂ ಇಳಿಸಿ ನೆರಳಲ್ಲಿ ಕೂರಿಸಿ ಚಕ್ರ ಬಿಚ್ಚಿದರು. ಸೀಟು ಬಿಗಿದ ನಾಲ್ಕು ಬೋಲ್ಟುಗಳಲ್ಲಿ ಒಂದು, ಉಳಿದ ಮೂರಕ್ಕಿಂತ ಎರಡು ಬೆರಳಷ್ಟು ಉದ್ದ, ತಗಡು ತೂರಿ ಚಕ್ರದ ಕಡೆಗೆ ಇಳಿಬಿದ್ದಿತ್ತು. ಕೆಸರು ಮೆತ್ತಿಕೊಂಡು ಅದೂ ಕೆಸರಿನ ಗಂಟಿನಂತೆಯೇ ಕಾಣುತ್ತಿತ್ತು. ಒರೆಸಿದರೆ ತುದಿ ಕನ್ನಡಿಯ ಹಾಗೆ ಹೊಳೆಯಿತು. ಮೂರು ಟೈರು ತಿಂದ ಹೊಳಪು.

ಇಂಜಿನಿಯರ್ ಅದರ ಫೋಟೋ ತೆಗೆದುಕೊಂಡು, "ಫ್ಯಾಕ್ಟರಿ ತಪ್ಪು. ಈ ಗಾಡಿ ತಯಾರಾದ ವಾರದ್ದೇ ಇನ್ನೆಷ್ಟು ಗಾಡಿ ಹೋಗಿವೆ, ಪಟ್ಟಿ ಕೊಡಿ," ಅಂತ ಮ್ಯಾನೇಜರನಿಗೆ ಹೇಳಿದ. ವ್ಯಾನಕ್ಕನ ಕಡೆ ತಿರುಗಿ, "ಟೈರ್ ಸಿಡಿದಾಗ ಗಾಡೀಲಿ ಇವರೆಲ್ಲ ಇದ್ರಾ?" ಅಂತ ಕೇಳಿದ. ಅವಳು ಹೂಂ ಅಂದಳು. ಹೊಸ ಟೈರು ಮೂರೂ ವಾರಂಟಿಯಲ್ಲೇ ಬಂದವು, ಬೋಲ್ಟು ಆಗಲೇ ಬದಲಾಯಿತು.

ಕೊನೆಗೆ ಮ್ಯಾನೇಜರ್ ಒಂದು ಹಾಳೆ ಮುಂದಿಟ್ಟ. "ಇಲ್ಲೊಂದು ಸೈನ್ ಹಾಕಿಬಿಡಿ ಮೇಡಂ." ವ್ಯಾನಕ್ಕ ಹಾಳೆ ಪೂರ್ತಿ ಓದಿದಳು. ದೂರು ಅನ್ನುವ ಜಾಗದಲ್ಲಿ 'ಟೈರ್ ಪಂಕ್ಚರ್' ಅಂತ ಬರೆದಿತ್ತು.

"ಇದು ಪಂಕ್ಚರ್ ಅಲ್ಲ ಸಾರ್. ಗಾಡಿಯ ದೋಷ ಅಂತ ಬರೀರಿ."

ಅವನು ಹೊಡೆದು ಹಾಕಿ ಮೇಲೆ ಬರೆಯಹೋದ.

"ಹಾಗಲ್ಲ. ಬೇರೆ ಹಾಳೇಲಿ, ಹೊಸದಾಗಿ," ಅಂದು ಅವಳು ಕುರ್ಚಿ ಎಳೆದುಕೊಂಡು ಕೂತಳು.