ನಮ್ಮ ಬೀದಿಗೆ ನೀರು ಬಂದ ದಿನ

ಮೊನ್ನೆ ನಿಮ್ಮಲ್ಲಿ ಚಿಕ್ಕವಳಾದ ಚಂದನ ಫೋನಿನಲ್ಲಿ ಒಂದು ಕಲ್ಲಿನ ಫೋಟೋ ತೆಗೆದುಕೊಂಡು ಬಂದಿದ್ದಳು. ಹೊಸದುರ್ಗದ ನಮ್ಮ ಹಳೆಯ ಬೀದಿಯ ಕೊನೆಯಲ್ಲಿರುವ ನೀರಿನ ಟ್ಯಾಂಕಿನ ಬುಡದ ಕಲ್ಲು ಅದು. ಮೇಲೆ ಮಂತ್ರಿಗಳ ಹೆಸರು, ಕೆಳಗೆ ತಾರೀಖು. ಊರಿನ ಚರಿತ್ರೆಯ ಒಂದು ದಿನದ ಬಗ್ಗೆ ಬರೆದು ತರಲು ಶಾಲೆಯಲ್ಲಿ ಹೇಳಿದ್ದಾರಂತೆ. "ಅಜ್ಜಿ, ನಿಮ್ಮ ಬೀದಿಗೆ ನೀರು ಬಂದಿದ್ದು ಇದೇ ದಿನ ಅಲ್ವಾ?" ಎಂದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಾರಿಗೆ ಒಗ್ಗರಣೆ ಹಾಕುವ ನೆವದಲ್ಲಿ ಒಳಗೆ ಹೋದೆ.

ನಾನು ಮೊದಲಿನಿಂದ ಹಾಗೆಯೇ. ಹರಿಯಬ್ಬೆಯ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ನನ್ನ ದನಿ ಹೊರಡುತ್ತಿರಲಿಲ್ಲ. ಮುಂದಿನ ಸಾಲಿನಲ್ಲೇ ಕೂತಿದ್ದೂ ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಅಂಥವಳನ್ನು ಹೊಸದುರ್ಗದ ನೀರುಗಂಟಿಗೆ ಕೊಟ್ಟು ಮದುವೆ ಮಾಡಿದರು. ನೀರುಗಂಟಿ ಅಂದರೆ ಊರಿಗೆ ನೀರು ಬಿಡುವವನು. ಆದರೆ ನಿಮ್ಮ ತಾತ ಆಗಿನ್ನೂ ಬಿಡಲು ಶುರುಮಾಡಿರಲಿಲ್ಲ. ಟ್ಯಾಂಕು ಹೊಸದು, ಅವರ ಕೆಲಸ ಹಂಗಾಮಿ. ಉದ್ಘಾಟನೆ ಸುಸೂತ್ರವಾಗಿ ಆದರೆ ಕಾಯಂ ಮಾಡುತ್ತೇವೆ, ಅದಕ್ಕೆ ಮುಂಚೆ ಒಂದು ತೊಟ್ಟು ನೀರು ಹೊರಗೆ ಬಂದರೂ ಮನೆಗೆ ಹೋಗಬೇಕಾಗುತ್ತದೆ ಎಂದು ಮೇಲಿನವರು ಹೇಳಿದ್ದರು.

ಟ್ಯಾಂಕು ತುಂಬಿತ್ತು. ಬೀದಿ ನಲ್ಲಿಗೆ ಕೆಂಪು ಟೇಪು ಕಟ್ಟಿತ್ತು. ಮಂತ್ರಿಗಳು ಮಾತ್ರ ಬರಲಿಲ್ಲ. ಉದ್ಘಾಟನೆ ಮೂರು ಸಲ ಮುಂದಕ್ಕೆ ಹೋಯಿತು. ಕಲ್ಲು ಕೆತ್ತುವವನು ತಾರೀಖಿನ ಜಾಗ ಖಾಲಿ ಬಿಟ್ಟು ಬೇರೆ ಊರಿನ ಕೆಲಸಕ್ಕೆ ಹೋದ. ನಾವು ತುಂಬಿದ ಟ್ಯಾಂಕಿನ ನೆರಳಲ್ಲೇ ನಡೆದು ದೂರದ ಬಾವಿಯಿಂದ ನೀರು ಹೊರುತ್ತಿದ್ದೆವು.

ಪಕ್ಕದ ಮನೆಯ ಸಿದ್ದಕ್ಕ ಹೆತ್ತು ಒಂಬತ್ತು ದಿನವಾಗಿತ್ತು. ಅವಳ ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದ, ಮನೆಯಲ್ಲಿ ಮತ್ತೊಬ್ಬರಿಲ್ಲ. ಬಾಣಂತಿ ಮನೆಗೆ ಎಷ್ಟು ನೀರಿದ್ದರೂ ಸಾಲದು. ಎರಡು ಮನೆಯ ನೀರೂ ನನ್ನ ಪಾಲಿಗೆ. ಆ ಮಧ್ಯಾಹ್ನ ಏಳನೆಯ ಸಲವೋ ಎಂಟನೆಯ ಸಲವೋ ಬರುವಾಗ ಆ ನಲ್ಲಿಯ ಎದುರಿಗೇ ಎಡವಿದೆ. ಕೊಡ ಉರುಳಿತು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇನ್ನೊಮ್ಮೆ ಬಾವಿಗೆ ಹೋಗಲಾರೆ ಅನ್ನಿಸಿತು, ಅಷ್ಟೇ. ಮನೆಗೆ ಹೋಗಿ ಬಾಗಿಲ ಹಿಂದಿದ್ದ ಉದ್ದನೆಯ ಕೀಲಿ ತಂದು, ನಿಮ್ಮ ತಾತ ಒಮ್ಮೆ ತೋರಿಸಿದ್ದಂತೆಯೇ ಟ್ಯಾಂಕಿನ ಬುಡದ ವಾಲ್ವಿಗೆ ಹಾಕಿ ತಿರುಗಿಸಿದೆ. ಟೇಪು ಬಿಚ್ಚಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಲ್ಲಿ ತಿರುಗಿಸಿದೆ. ನಲ್ಲಿ ಒಂದಿಷ್ಟು ಕೆಮ್ಮಿ, ಕೆಂಪು ನೀರು ಕಾರಿ, ಆಮೇಲೆ ತಿಳಿಯಾಗಿ ಸುರಿಯಿತು.

ಆ ಸದ್ದಿಗೆ ಬೀದಿಯ ಹೆಂಗಸರೆಲ್ಲ ಕೊಡ ತಂದರು. ಆಫೀಸಿಗೆ ಹೋಗಿದ್ದ ನಿಮ್ಮ ತಾತ ಬರುವಷ್ಟರಲ್ಲಿ ಕೊಡಗಳ ಸಾಲು ನಮ್ಮ ಮನೆ ದಾಟಿತ್ತು. ಅವರ ಮುಖ ಬಿಳಿಚಿಕೊಂಡಿತು. "ಯಾರು ಬಿಟ್ಟಿದ್ದು?" ಎಂದರು. ನಾನು ಕೀಲಿ ಹಿಡಿದೇ ನಿಂತಿದ್ದೆ.

ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಸಿದ್ದಕ್ಕ ತನ್ನ ಬಾಗಿಲಿಗೆ ಬಂದಳು. "ನೀರೇ ಬಂದಿಲ್ಲ ಕಣಣ್ಣ. ನಾವ್ಯಾರೂ ಏನೂ ನೋಡಿಲ್ಲ. ಸಾಯೋ ತನಕ ನೋಡಿಲ್ಲ."

ಮಿಕ್ಕವರೂ ಒಬ್ಬೊಬ್ಬರಾಗಿ ನಿಮ್ಮ ತಾತನ ಮುಂದೆ ಬಂದು ಹಾಗೆಯೇ ಮಾತು ಕೊಟ್ಟರು. ತಾತ ಆ ಸಾಲನ್ನೊಮ್ಮೆ ನೋಡಿದರು. "ಹಂಗಾದ್ರೆ ಬೇಗ ಹಿಡ್ಕಳ್ರಿ. ಮನೆಗೆ ಎರಡೇ ಕೊಡ," ಎಂದರು.

ಅದೇ ವಾರದ ಶುಕ್ರವಾರ ಮಂತ್ರಿಗಳು ಬಂದೇಬಿಟ್ಟರು. ಸುಕ್ಕಾಗಿದ್ದ ಟೇಪಿಗೆ ನಾನು ಚೊಂಬಿನಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿಕೊಟ್ಟಿದ್ದೆ. ಅದನ್ನು ಕತ್ತರಿಸಿ ನಲ್ಲಿ ತಿರುಗಿಸಿದರು. ನೀರು ಬಂದಿದ್ದೇ ತಡ, ನಮ್ಮ ಹೆಂಗಸರು ಗಲ್ಲಕ್ಕೆ ಕೈ ಹಚ್ಚಿ ಎಷ್ಟು ಚೆನ್ನಾಗಿ ಬೆರಗಾದರೆಂದರೆ ನನಗೇ ಅದು ಮೊದಲ ನೀರು ಅನ್ನಿಸಿತು. ಒಬ್ಬ ಅಧಿಕಾರಿ ಮಾತ್ರ ನೆಲ ನೋಡುತ್ತಿದ್ದರು. ನಾನು ಸರಿಯಾಗಿ ಮುಚ್ಚದ ನಲ್ಲಿ ಅಷ್ಟು ದಿನವೂ ತೊಟ್ಟಿಕ್ಕಿತ್ತು. ಈ ಕೆಸರು ಎಲ್ಲಿಂದ ಬಂತು ಎಂದು ನಿಮ್ಮ ತಾತನನ್ನು ಕೇಳಿದರು.

"ರಂಗೋಲಿ ಹಾಕಕೆ ನಾವು ಸಾರ್ಸಿದ್ದು ಸಾಹೇಬ್ರೆ," ಎಂದಳು ಮಗು ಎತ್ತಿಕೊಂಡಿದ್ದ ಸಿದ್ದಕ್ಕ. "ಇವತ್ತು ಬರ್ತೀವಿ, ನಾಳೆ ಬರ್ತೀವಿ ಅಂತ ನೀವು ಅಂದಂಗೆಲ್ಲ ಸಾರ್ಸಿ ಸಾರ್ಸಿ ಕೆಸರಾಗೈತೆ."

ಅವರು ಮತ್ತೆ ಕೇಳಲಿಲ್ಲ. ಕೆಲಸ ಕಾಯಂ ಆಯಿತು. ಆ ಕೆಲಸದಲ್ಲೇ ನಿಮ್ಮ ಅಪ್ಪಂದಿರು ಓದಿದ್ದು.

ಒಗ್ಗರಣೆ ಎಷ್ಟು ಹೊತ್ತು ಹಾಕುವುದು? ಚಂದನಳ ಫೋನಿನಿಂದಲೇ ಸಿದ್ದಕ್ಕನಿಗೆ ಮಾಡಿಸಿದೆ. ಅವಳೀಗ ಮಾಡದಕೆರೆಯಲ್ಲಿ ಮಗನ ಜೊತೆ ಇದ್ದಾಳೆ. ಆ ಸಾಲಿನವರಲ್ಲಿ ಉಳಿದಿರುವುದು ನಾವಿಬ್ಬರೇ. ನಾನು ನಲ್ಲಿ ಬಿಟ್ಟಿದ್ದು ಮಂಗಳವಾರವೋ ಬುಧವಾರವೋ ಎಂದು ಕೇಳಿದೆ.

"ನೀನ್ಯಾವಾಗ ಬಿಟ್ಟೆ?" ಎಂದಳು. "ಬಿಟ್ಟಿದ್ದು ಮಂತ್ರಿ. ಶುಕ್ರವಾರ."

ನಿಮ್ಮ ತಾತ ಹೋಗಿಯೇ ಎಷ್ಟೋ ವರ್ಷವಾಯಿತು, ಇನ್ನು ಯಾರ ಕೆಲಸವೂ ಹೋಗುವುದಿಲ್ಲ ಎಂದೆ.

"ಮಾತು ಕೊಟ್ಟಿದ್ದು ಆ ಅಣ್ಣಂಗೆ. ನಿಂಗಲ್ಲ," ಎಂದು ಹೇಳಿ, ನನ್ನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದಳು.

ಚಂದನ ಕಲ್ಲಿನ ತಾರೀಖನ್ನೇ ಬರೆದುಕೊಂಡು ಹೋದಳು. ಆಮೇಲೆ ನಾನು ಯೋಚಿಸಿದೆ. ಅವತ್ತು ಸಾಲಿನಲ್ಲಿದ್ದವರೆಲ್ಲ ಮಾತು ಕೊಟ್ಟರು. ನನ್ನನ್ನು ಮಾತ್ರ ಯಾರೂ ಕೇಳಲೇ ಇಲ್ಲ. ಇವಳು ಹೇಗೂ ಬಾಯಿ ಬಿಡುವವಳಲ್ಲ ಅಂದುಕೊಂಡಿರಬೇಕು. ಹಾಗಾಗಿ ಬರೆದಿದ್ದೇನೆ. ನೀರು ಬಿಟ್ಟವಳು ನಾನು.